ಕಾಡು ಕಡಿದವರ ಮೊಮ್ಮಕ್ಕಳು

ಜಯನಗರ, ಬಿ.ಟಿ.ಎಂ. ಬಡಾವಣೆಗಳ ಕಡೆ ಓಡಾಡುವ ನಮಗೆ ಟಿಬೆಟನ್ ಹುಡುಗ ಹುಡುಗಿಯರು ಅಪರೂಪವೇನಲ್ಲ. ಕಾಲೇಜಿಗೆ ಬಂದವರು, ಆಸ್ಪತ್ರೆಗಳಲ್ಲಿ ನರ್ಸ್ ಆದವರು, ರಾತ್ರಿ ಪಾಳಿಯ ಕೆಲಸಕ್ಕೆ ಹೋಗುವವರು, ಕೆಲಸ ಹುಡುಕುತ್ತಲೇ ಇರುವವರು. ಮುಖ ನೋಡಿ ‘ನೇಪಾಳದವರು’ ಎಂದೋ ‘ಚೀನಾದವರು’ ಎಂದೋ ಹೇಳಿ ಮುಂದೆ ಹೋಗಿಬಿಡುತ್ತೇವೆ. ಇವರಲ್ಲಿ ಅನೇಕರು ಹುಟ್ಟಿದ್ದು ಪಿರಿಯಾಪಟ್ಟಣ, ಹುಣಸೂರು, ಮುಂಡಗೋಡುಗಳ ಕಡೆ ಎಂಬುದು ಹೊಳೆಯುವುದೇ ಇಲ್ಲ.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಬಂದವರಿಗೆ ಮೊದಲು ಸಿಕ್ಕಿದ್ದು ಬೆಟ್ಟಗಳಲ್ಲಿ ರಸ್ತೆ ಮಾಡುವ ಕೂಲಿ. ಹೆಂಗಸರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡೇ ಕಲ್ಲು ಒಡೆದರು. ನೆಹರೂ ಅವರು ರಾಜ್ಯಗಳನ್ನು ಜಮೀನು ಕೇಳಿದಾಗ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಕೊಟ್ಟದ್ದು ಗದ್ದೆಯಲ್ಲ, ಕಾಡು. ಹಿಮದ ನಾಡಿನಿಂದ ಬಂದವರು ಇಲ್ಲಿಯ ಸೆಕೆಯಲ್ಲಿ ಮರ ಕಡಿದು, ಬೊಡ್ಡೆ ಕಿತ್ತು, ಆನೆಗಳನ್ನು ಓಡಿಸುತ್ತಾ ರಾತ್ರಿ ಕಳೆದರು. ಕಾಯಿಲೆಗೆ ಸತ್ತವರೂ ಉಂಟು. ಬಾರ್ಲಿ ಹಿಟ್ಟು ತಿನ್ನುತ್ತಿದ್ದವರು ಮೆಕ್ಕೆಜೋಳ ಬೆಳೆಯಲು ಕಲಿತರು. ಮುಂದೆ 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲಕುಪ್ಪೆಯ ಎರಡನೆಯ ವಸಾಹತು, 1970ರ ದಶಕದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯ, ಹೀಗೆ ಐದು ಕಡೆ ಊರುಗಳೆದ್ದವು. ಈ ಪುನರ್ವಸತಿಗೆ ನೆರವಾಗಲೆಂದೇ 1968ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ ‘ಮೈರಾಡ’. ಅದೇ ಸಂಸ್ಥೆ 1980ರ ದಶಕದಲ್ಲಿ ನಮ್ಮ ಹಳ್ಳಿಗಳ ಹೆಂಗಸರ ಉಳಿತಾಯ ಗುಂಪುಗಳಿಗೆ ದಾರಿ ತೋರಿತು. ಇಂದು ಸ್ವಸಹಾಯ ಸಂಘದಲ್ಲಿ ಕೂತು ಸಾಲದ ಲೆಕ್ಕ ಬರೆಯುವ ಎಷ್ಟೋ ಅಕ್ಕತಂಗಿಯರಿಗೆ ಆ ದಾರಿಯ ಮೊದಲ ಹೆಜ್ಜೆ ಟಿಬೆಟನ್ನರ ಹೊಲದಲ್ಲಿತ್ತು ಎಂಬುದು ತಿಳಿದಿರಲಾರದು.

ಮೊದಲ ತಲೆಮಾರಿಗೆ ನೆಲ ಸಿಕ್ಕಿತು. ಎರಡನೆಯದಕ್ಕೆ ಶಾಲೆ ಸಿಕ್ಕಿತು. ಮೂರನೆಯದಕ್ಕೆ ಸಿಗಬೇಕಾದದ್ದು ಕೆಲಸ, ಅದೇ ಸಿಗಲಿಲ್ಲ. ಮನೆಯಲ್ಲಿ ಮಕ್ಕಳು ಹೆಚ್ಚಿದರು, ಎಕರೆ ಹೆಚ್ಚಲಿಲ್ಲ. ಮಳೆಯನ್ನೇ ನಂಬಿದ ಮೆಕ್ಕೆಜೋಳದಿಂದ ವರ್ಷ ಪೂರ್ತಿ ಸಂಸಾರ ಸಾಗದು. ಅದಕ್ಕೇ ಚಳಿಗಾಲ ಬಂತೆಂದರೆ ಅಪ್ಪ ಅಮ್ಮ ಲೂಧಿಯಾನದ ಸ್ವೆಟರ್ ಗಂಟು ಹೊತ್ತು ದೂರದ ಊರುಗಳ ಫುಟ್‌ಪಾತಿಗೆ ಹೊರಡುತ್ತಾರೆ. ಮಕ್ಕಳು ಹಾಸ್ಟೆಲಿನಲ್ಲೋ ಅಜ್ಜಿಯ ಬಳಿಯೋ ಉಳಿಯುತ್ತಾರೆ. ಹದಿಹರೆಯದ ಮಕ್ಕಳ ಮೇಲೆ ಕಣ್ಣಿಡಬೇಕಾದ ತಿಂಗಳುಗಳಲ್ಲೇ ಮನೆ ಖಾಲಿ. ಓದು ಮುಗಿಸಿ ಕೆಲಸವಿಲ್ಲದೆ ಕೂತ ಹುಡುಗರು ಕುಡಿತಕ್ಕೋ ಮಾದಕ ವಸ್ತುವಿಗೋ ಬೀಳಬಹುದೆಂಬ ಹಿರಿಯರ ಭಯ ಸುಳ್ಳಲ್ಲ. ಧರ್ಮಶಾಲೆಯಲ್ಲಿ ‘ಕುನ್ಫೆನ್’ ಎಂಬ ವ್ಯಸನಮುಕ್ತಿ ಕೇಂದ್ರವನ್ನೇ ಟಿಬೆಟನ್ನರು ತೆರೆಯಬೇಕಾಯಿತು.

ಕಾನೂನಿನ ಗಂಟು ಬೇರೆ. ಇಲ್ಲಿ ಹುಟ್ಟಿದರೂ ಹೆಚ್ಚಿನವರ ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ‘ಆರ್.ಸಿ.’ ಎಂಬ ನೋಂದಣಿ ಪುಸ್ತಕ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರೆಂಬ ಕಾಯಿದೆಯ ಮಾತು ಟಿಬೆಟನ್ನರಿಗೂ ಸಲ್ಲುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ ಎತ್ತಿಹಿಡಿಯಿತು. ಆದರೆ ಇಂದು ಕೆಲಸ ಹುಡುಕುವ ಇಪ್ಪತ್ತೈದರ ಹುಡುಗಿ ಆ ಗಡುವು ಮುಗಿದ ಮೇಲೆ ಹುಟ್ಟಿದವಳು. ಅವಳು ಹುಟ್ಟಿದಾಗ ಅಪ್ಪ ಅವ್ವನಲ್ಲಿ ಒಬ್ಬರೂ ಭಾರತೀಯ ಪೌರರಲ್ಲದಿದ್ದರೆ ಅವಳಿಗೆ ಹುಟ್ಟಿನಿಂದ ಪೌರತ್ವ ಬಾರದು. 2014ರಲ್ಲಿ ಕೇಂದ್ರ ಸರ್ಕಾರ ತಂದ ಟಿಬೆಟನ್ ಪುನರ್ವಸತಿ ನೀತಿ ನರ್ಸಿಂಗ್, ಶಿಕ್ಷಣ, ವೈದ್ಯಕೀಯ, ಎಂಜಿನಿಯರಿಂಗ್‌ನಂಥ ಅರ್ಹತೆ ಇರುವ ವೃತ್ತಿಗಳಿಗೆ ಅವಕಾಶ ಮಾಡಿಕೊಡಿ ಎಂದು ರಾಜ್ಯಗಳಿಗೆ ಹೇಳಿತು. ಕಾಗದದ ಮೇಲೆ ಬಂದದ್ದು ಕಚೇರಿಯ ಮೇಜು ತಲುಪುವುದು ನಿಧಾನ.

ಅವರ ಸಮಾಜ ಕೈಕಟ್ಟಿ ಕೂತಿಲ್ಲ. ಮೈಸೂರು ರಸ್ತೆಯ ಶೇಷಗಿರಿಹಳ್ಳಿಯಲ್ಲಿ ದಲೈ ಲಾಮಾ ಹೆಸರಿನ ಉನ್ನತ ಶಿಕ್ಷಣ ಸಂಸ್ಥೆ ಇದೆ. ಧರ್ಮಶಾಲೆಯ ಟಿಬೆಟನ್ ಆಡಳಿತ ಯುವಕರಿಗೆ ವೃತ್ತಿ ತರಬೇತಿ ಕೊಡಿಸುತ್ತದೆ. ಆದರೂ ಅನೇಕರು ಅಮೆರಿಕ, ಕೆನಡಾ, ಯುರೋಪಿನ ದಾರಿ ಹಿಡಿದಿದ್ದಾರೆ. ಅಜ್ಜ ಅಜ್ಜಿ ಕಾಡು ಕಡಿದು ಕಟ್ಟಿದ ಊರಿನಲ್ಲಿ ಮುದುಕರಷ್ಟೇ ಉಳಿಯುತ್ತಾರೋ ಎಂಬ ಚಿಂತೆ ಅವರದು. ಮಕ್ಕಳನ್ನು ವಿಮಾನ ಹತ್ತಿಸಿದ ಜಯನಗರದ ತಾಯಂದಿರಿಗೆ ಈ ಚಿಂತೆ ಅರ್ಥವಾಗದೆ ಇರದು.

ತರಬೇತಿ ಪಡೆದು ನಗರಕ್ಕೆ ಬಂದವರಿಗೆ ಮೊದಲು ಬೇಕಾದದ್ದು ಒಂದು ಕೋಣೆ, ‘ಈ ಹುಡುಗಿ ಒಳ್ಳೆಯವಳು’ ಎಂದು ಹೇಳುವ ಒಬ್ಬರು ಪರಿಚಿತರು. ಬಾಡಿಗೆ ಮನೆಯ ಬಾಗಿಲಲ್ಲಿ ನಿಂತವಳು ಆರ್.ಸಿ. ತೋರಿಸಿದರೆ ಅದು ಸರ್ಕಾರವೇ ಕೊಟ್ಟ ಕಾಗದ, ಹೆದರಬೇಕಾದದ್ದಲ್ಲ. ನಮ್ಮ ರಾಜ್ಯ ಒಂದು ಕಾಲಕ್ಕೆ ಮೂರು ಸಾವಿರ ಎಕರೆ ಕೊಟ್ಟಿತ್ತು. ಮಹಡಿಯ ಮೇಲಿನ ಒಂದು ಕೋಣೆಯ ವಿಷಯ ನಮ್ಮ ಕೈಯಲ್ಲೇ ಇದೆ.