‘ಮೀರದ’ ಎಂಬ ಒಂದು ಮಾತು: ವಿಮಾನ ಟಿಕೆಟಿನ ಇಂಗ್ಲಿಷ್ ಎಲ್ಲಿಂದ ಬಂತು?

ನಮ್ಮ ಬಿಜ್ಜರಗಿ, ತಿಕೋಟಾ ಕಡೆಯವರು ದುಬೈಗೆ ದುಡಿಯಲು ಹೋಗಲಿ, ಹಜ್ ಯಾತ್ರೆಗೆ ಹೋಗಲಿ, ಟಿಕೆಟ್ ಈಗ ಮೊಬೈಲಿಗೇ ಬರುತ್ತದೆ. ಅದರ ಜೊತೆ ಬರುವ ಷರತ್ತುಗಳ ಇಂಗ್ಲಿಷ್ ಮಾತ್ರ ಡಿಗ್ರಿ ಓದಿದವರಿಗೂ ಅರ್ಥವಾಗುವುದಿಲ್ಲ. ನಮಗೆ ‘ಕ್ಯಾರಿಯರ್’ ಎಂದರೆ ಸೈಕಲ್ಲಿನ ಹಿಂಬದಿ, ಇಲ್ಲವೆ ಊಟದ ಡಬ್ಬಿ. ಟಿಕೆಟಿನಲ್ಲಿ ಅದು ವಿಮಾನ ಕಂಪನಿ. ‘ಕ್ಯಾರೇಜ್’ ಎಂದರೆ ಗಾಡಿಯಲ್ಲ, ಸಾಗಣೆ.

ಈ ಭಾಷೆಗೆ ಸುಮಾರು ನೂರು ವರ್ಷದ ಇತಿಹಾಸವಿದೆ. 1929ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಹಲವು ದೇಶಗಳು ಸೇರಿ ವಿಮಾನ ಪ್ರಯಾಣದ ಒಪ್ಪಂದ ಮಾಡಿಕೊಂಡವು. ಅದರ ಮೂಲ ಇದ್ದದ್ದು ಫ್ರೆಂಚ್‌ನಲ್ಲಿ. ಅದರ ಇಂಗ್ಲಿಷ್ ಅನುವಾದವೇ 1934ರ ಕಾಯ್ದೆಯ ಮೂಲಕ ಬ್ರಿಟಿಷ್ ಭಾರತಕ್ಕೆ ಬಂತು. ವಿಮಾನ ಕಂಪನಿಗಳು ಆಗ ಎಳೆಯ ಕೂಸು. ಒಂದು ಅಪಘಾತಕ್ಕೆ ಅವು ಮುಳುಗಬಾರದೆಂದು ಪರಿಹಾರಕ್ಕೆ ಮಿತಿ ಹಾಕಿದರು: ಒಬ್ಬ ಪ್ರಯಾಣಿಕನಿಗೆ 1,25,000 ಚಿನ್ನದ ಫ್ರಾಂಕ್. 1955ರಲ್ಲಿ ಹೇಗ್‌ನಲ್ಲಿ ಅದನ್ನು ಎರಡು ಪಟ್ಟು ಮಾಡಿದರು. ನಮ್ಮಲ್ಲಿ 1972ರಲ್ಲಿ ಹೊಸ ಕಾಯ್ದೆ ಬಂತು.

ಮಿತಿ ಇದೆಯೆಂದು ಟಿಕೆಟಿನಲ್ಲಿ ತಿಳಿಸಬೇಕಿತ್ತು. ಕಂಪನಿಗಳು ತಿಳಿಸಿದವು, ಆದರೆ ಇರುವೆಯಂಥ ಅಕ್ಷರದಲ್ಲಿ! 1960ರಲ್ಲಿ ಐರ್ಲೆಂಡಿನ ಶ್ಯಾನನ್‌ನಲ್ಲಿ ಅಲಿಟಾಲಿಯಾ ವಿಮಾನ ಬಿದ್ದಾಗ, ಕಣ್ಣಿಗೆ ಕಾಣದ ಅಕ್ಷರ ತಿಳಿಸಿದಂತೆ ಅಲ್ಲ ಎಂದು ಅಮೆರಿಕದ ಕೋರ್ಟ್ ಹೇಳಿ, ಕಂಪನಿಗೆ ಮಿತಿಯ ರಕ್ಷಣೆ ಕೊಡಲಿಲ್ಲ.

1999ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಭಾರತ 2009ರಲ್ಲಿ ಸೇರಿತು. ಮರುವರ್ಷವೇ, 2010ರ ಮೇ 22ರಂದು, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, 8 ಜನ ಉಳಿದರು.

ಪರಿಹಾರದ ಲೆಕ್ಕ ನಿಂತದ್ದು ಒಂದೇ ವಾಕ್ಯದ ಮೇಲೆ. ಅದರ ಸಾರಾಂಶ ಇಷ್ಟು: 1,00,000 ಎಸ್‌ಡಿಆರ್ ‘ಮೀರದ’ ನಷ್ಟದ ಮಟ್ಟಿಗೆ ಕಂಪನಿ ತನ್ನ ಹೊಣೆಯನ್ನು ತಪ್ಪಿಸಿಕೊಳ್ಳುವಂತಿಲ್ಲ, ಕಡಿಮೆ ಮಾಡಿಕೊಳ್ಳುವಂತಿಲ್ಲ. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಒಂದು ಲಕ್ಷ ಎಸ್‌ಡಿಆರ್ ಆಗ ಸುಮಾರು 75 ಲಕ್ಷ ರೂಪಾಯಿ.

ಹಾಗಾದರೆ ಪ್ರತಿ ಕುಟುಂಬಕ್ಕೂ ಕನಿಷ್ಠ 75 ಲಕ್ಷ ಸಿಗಬೇಕೆ? ಮೃತ ಯುವಕನೊಬ್ಬನ ಮನೆಯವರು ಕೇರಳ ಹೈಕೋರ್ಟಿಗೆ ಹೋದರು. 2011ರ ಜುಲೈನಲ್ಲಿ ಏಕಸದಸ್ಯ ಪೀಠ ‘ಹೌದು’ ಎಂದಿತು. ಅದೇ ವರ್ಷ ವಿಭಾಗೀಯ ಪೀಠ ‘ಅಲ್ಲ’ ಎಂದಿತು. ಓದಿದ್ದು ಅದೇ ವಾಕ್ಯ, ಅರ್ಥ ಎರಡು!

ವಿಭಾಗೀಯ ಪೀಠದ ಓದನ್ನು ಹೀಗೆ ತಿಳಿಯಬಹುದು. ನಷ್ಟ 40 ಲಕ್ಷ ಎಂದು ಸಾಬೀತಾದರೆ ಸಿಗುವುದು 40 ಲಕ್ಷ, 75 ಅಲ್ಲ. ಆದರೆ ‘ನಮ್ಮ ತಪ್ಪಿಲ್ಲ’ ಎಂದು ಕಂಪನಿ ಅದನ್ನು ತಪ್ಪಿಸಿಕೊಳ್ಳುವಂತಿಲ್ಲ. ನಷ್ಟ ಎರಡು ಕೋಟಿ ಇದ್ದರೆ, 75 ಲಕ್ಷದ ಮೇಲಿನ ಭಾಗಕ್ಕೆ ಮಾತ್ರ ತನ್ನ ತಪ್ಪಿಲ್ಲವೆಂದು ಕಂಪನಿ ವಾದಿಸಬಹುದು. ಅದನ್ನು ಸಾಬೀತು ಮಾಡುವ ಭಾರವೂ ಕಂಪನಿಯದೇ.

ಅಂದರೆ ಆ ಮೊತ್ತ ನೆಲವೂ ಅಲ್ಲ, ಚಾವಣಿಯೂ ಅಲ್ಲ. 2020ರ ಮೇನಲ್ಲಿ ಇದೇ ಅಪಘಾತದ ಒಂದು ಕುಟುಂಬಕ್ಕೆ ಸುಪ್ರೀಂ ಕೋರ್ಟ್ 7.64 ಕೋಟಿ ರೂಪಾಯಿ ಕೊಡಿಸಿತು. ದುಡಿಯುವವನ ಸಂಬಳದ ಲೆಕ್ಕ ಹಿಡಿದು ಬಂದ ಮೊತ್ತ ಅದು. ಆದ್ದರಿಂದ ಹೊರದೇಶದಲ್ಲಿ ದುಡಿಯುವವರ ಸಂಬಳದ ಚೀಟಿ, ಕೆಲಸದ ಕರಾರಿನ ಒಂದು ಪ್ರತಿ ಊರ ಮನೆಯಲ್ಲೂ ಇರಲಿ.

ವಿದೇಶ ಪ್ರಯಾಣದಲ್ಲಿ ಈ ಗಡುವುಗಳೂ ನೆನಪಿರಲಿ. ಬ್ಯಾಗ್ ಹಾಳಾದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಕೋರ್ಟಿಗೆ ಹೋಗಲು 2 ವರ್ಷ. ‘ಪೂರ್ತಿ ಹಣ ಮುಟ್ಟಿತು’ ಎಂಬ ಇಂಗ್ಲಿಷ್ ಕಾಗದಕ್ಕೆ ಸಹಿ ಕೇಳಿದರೆ, ವಕೀಲರಿಗೆ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಂಡು ಆಮೇಲೆ ಪೆನ್ನು ಹಿಡಿಯಿರಿ.