ರೋಮಿಯೋ ಅಂಡ್ ಜೂಲಿಯೆಟ್: ಹರೆಯದ ಪ್ರೇಮ ಮತ್ತು ದುಡುಕು

ವಿಲಿಯಂ ಶೇಕ್ಸ್‌ಪಿಯರ್ 1590ರ ದಶಕದಲ್ಲಿ ಬರೆದ ದುರಂತ ನಾಟಕ. ಮೊದಲ ಮುದ್ರಣ 1597. ಇಟಲಿಯ ವೆರೋನಾದಲ್ಲಿ ಹಗೆ ಸಾಧಿಸುತ್ತಿದ್ದ ಮಾಂಟೆಗ್ಯೂ ಮತ್ತು ಕ್ಯಾಪ್ಯುಲೆಟ್ ಮನೆತನಗಳ ಮಕ್ಕಳಾದ ರೋಮಿಯೋ ಮತ್ತು ಜೂಲಿಯೆಟ್‌ರ ಪ್ರೇಮವೇ ಇದರ ವಸ್ತು.

ಕಥೆಯ ಮುಖ್ಯ ಆಕರ ಆರ್ಥರ್ ಬ್ರೂಕ್‌ನ 1562ರ ಕಥನಕಾವ್ಯ. ಅಲ್ಲಿ ತಿಂಗಳುಗಟ್ಟಲೆ ಸಾಗುವ ಘಟನೆಗಳನ್ನು ಶೇಕ್ಸ್‌ಪಿಯರ್ ಐದು ದಿನಗಳೊಳಗೆ ಅಡಕಗೊಳಿಸಿದ. ಜೂಲಿಯೆಟ್‌ಳ ವಯಸ್ಸನ್ನು 16ರಿಂದ ಇಳಿಸಿ, ಇನ್ನೂ 14 ತುಂಬದ ಹುಡುಗಿಯಾಗಿಸಿದ. ನಾಟಕದ ಉಸಿರುಗಟ್ಟಿಸುವ ವೇಗಕ್ಕೆ ಈ ಬದಲಾವಣೆಗಳೇ ಕಾರಣ.

ರೋಮಿಯೋ ಕ್ಯಾಪ್ಯುಲೆಟ್ ಮನೆಯ ಔತಣಕ್ಕೆ ಹೋಗುವುದು ರೋಸಲಿನ್‌ಳನ್ನು ನೋಡಲೆಂದು. ಅವಳಿಗಾಗಿ ಹಗಲ ಬೆಳಕನ್ನೇ ದೂರವಿಟ್ಟು ಕೊರಗುತ್ತಿದ್ದವನು ಜೂಲಿಯೆಟ್‌ಳನ್ನು ಕಂಡೊಡನೆ ರೋಸಲಿನ್‌ಳನ್ನು ಮರೆಯುತ್ತಾನೆ. ಇಬ್ಬರ ಮೊದಲ ಮಾತುಕತೆ 14 ಸಾಲಿನ ಒಂದು ಸುನೀತವಾಗಿ ಹೆಣೆದುಕೊಂಡು ಮುತ್ತಿನಲ್ಲಿ ಮುಗಿಯುತ್ತದೆ. ಉಪ್ಪರಿಗೆಯ ದೃಶ್ಯದಲ್ಲಿ, ಇದು ತೀರಾ ಅವಸರವಾಯಿತೆಂದು ಅಳುಕುವವಳು ಜೂಲಿಯೆಟ್. ಮದುವೆಯ ಮಾತೆತ್ತುವವಳೂ ಅವಳೇ. ಮರುದಿನ ಗುಟ್ಟಾಗಿ ಮದುವೆ.

ದುಡುಕು ಪ್ರೇಮಿಗಳಿಗಷ್ಟೇ ಸೀಮಿತವಲ್ಲ. ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್ ಕತ್ತಿ ಹಿರಿಯುತ್ತಾನೆ. ಅವನ ಕೈಯಲ್ಲಿ ಸತ್ತ ಗೆಳೆಯ ಮರ್ಕ್ಯೂಶಿಯೋನ ಸೇಡಿಗಾಗಿ ರೋಮಿಯೋ ಟಿಬಾಲ್ಟ್‌ನನ್ನು ಕೊಂದು ಗಡೀಪಾರಾಗುತ್ತಾನೆ. ಮಗಳನ್ನು ಪ್ಯಾರಿಸ್ ಎಂಬ ಕುಲೀನನಿಗೆ ಧಾರೆಯೆರೆಯಲು ಹಟ ಹಿಡಿದ ತಂದೆ ಕ್ಯಾಪ್ಯುಲೆಟ್ ಮುಹೂರ್ತವನ್ನೇ ಒಂದು ದಿನ ಮುಂಚಿತ ಮಾಡುತ್ತಾನೆ. ನಿಧಾನಿಸೆಂದು ಬುದ್ಧಿ ಹೇಳಿದ ಪಾದ್ರಿ ಲಾರೆನ್ಸನೇ, ಈ ಮದುವೆ ತಪ್ಪಿಸಲು, ಜೂಲಿಯೆಟ್‌ಗೆ 42 ಗಂಟೆ ಸತ್ತಂತೆ ಮಲಗಿಸುವ ಔಷಧಿ ಕೊಡುತ್ತಾನೆ. ಪ್ಲೇಗಿನ ಶಂಕೆಯಿಂದ ಅವನ ದೂತ ದಿಗ್ಬಂಧನಕ್ಕೊಳಗಾಗಿ, ಈ ಉಪಾಯ ತಿಳಿಸುವ ಪತ್ರ ರೋಮಿಯೋಗೆ ತಲುಪುವುದಿಲ್ಲ. ಅವಳು ಸತ್ತಳೆಂದೇ ನಂಬಿ ರೋಮಿಯೋ ವಿಷ ಕುಡಿದ ಮೇಲೆ ಜೂಲಿಯೆಟ್ ಎಚ್ಚರಗೊಂಡು, ಅವನ ಕಠಾರಿಯಿಂದಲೇ ಇರಿದುಕೊಂಡು ಸಾಯುತ್ತಾಳೆ.

ಚೈಕೋವ್‌ಸ್ಕಿ ಇದನ್ನು ವಾದ್ಯಸಂಗೀತಕ್ಕೆ, ಪ್ರೊಕೊಫಿಯೆವ್ ಬ್ಯಾಲೆಗೆ ಅಳವಡಿಸಿದರು. ಫ್ರಾಂಕೊ ಜೆಫಿರೆಲ್ಲಿ 1968ರ ಚಲನಚಿತ್ರದಲ್ಲಿ ಹದಿಹರೆಯದವರನ್ನೇ ನಾಯಕ ನಾಯಕಿಯರಾಗಿ ಆರಿಸಿದರು.