ಬಾದಶಹರ ಮನೀಗೆ ಬಂದ ಸಾಹೇಬರು

ಬೆಂಗಳೂರಿನಲ್ಲಿ ಬಿನ್ನಿ ಮಿಲ್ ಹೋಗಿ ಅಪಾರ್ಟ್‌ಮೆಂಟ್ ಬಂತು, ರಾಜಾ ಮಿಲ್ ಹೋಗಿ ಮಾಲ್ ಬಂತು. ಈಗ ಇಂಥ ಹಳೇ ಜಾಗದಲ್ಲಿ ಏನೇ ಎದ್ದರೂ ಬ್ರೋಷರ್ ಮೇಲೊಂದು ಹಸಿರು ಎಲೆಯ ಚಿತ್ರ ಇರ್ತದ. ಸೋಲಾರ್, ಮಳೆನೀರು ಕೊಯ್ಲು, ಎಸ್‌ಟಿಪಿ ಎಲ್ಲಾ ಇರ್ತಾವ, ಸುಳ್ಳಲ್ಲ. ಆದರೆ ಇದ್ದ ಗೋಡೆ ಕೆಡವಿ ಹೊಸ ಸಿಮೆಂಟು, ಉಕ್ಕು ತಂದು ಸುರಿದಾಗ ಎದ್ದ ಹೊಗೆಯ ಲೆಕ್ಕ ಅದರಲ್ಲಿ ಇರೋದಿಲ್ಲ. ಕೆಡವದೇ ಮನೆ, ಆಫೀಸು ಮಾಡಿಕೊಂಡ ಊರು ಯಾವುದರೆ ಐತೇನು ಅಂದ್ರ, ನಮ್ಮ ಜಿಲ್ಲಾ ಕೇಂದ್ರವೇ ಐತಿ.

ನಮ್ಮ ಕನ್ನೊಳ್ಳಿ ಮಂದಿಗೆ ಬಿಜಾಪುರ ಅಂದ್ರ ಗೋಳಗುಮ್ಮಟಕ್ಕಿಂತ ಮೊದಲು ಕಾಗದಪತ್ರದ ಊರು. ಅದು ಹಾಗಾಗಿದ್ದು 1885ರಿಂದ. 1686ರಲ್ಲಿ ಔರಂಗಜೇಬ ಗೆದ್ದ ಮೇಲೆ ಊರು ಸೊರಗಿತ್ತು. 1884ರಲ್ಲಿ ರೈಲು ಬಂತು. ಮರುವರ್ಷ ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರವೂ ಬಂತು. ಸಾಹೇಬರು ಬಯಲಲ್ಲಿ ಹೊಸ ಪಾಯ ತೋಡುವ ಬದಲು ಅರಕಿಲ್ಲಾದ ಆದಿಲಶಾಹಿ ಮಹಲುಗಳಿಗೇ ಬಾಗಿಲು, ಕಿಟಕಿ ಹಚ್ಚಿದರು. ಚೀನಿ ಮಹಲಿನಲ್ಲಿ ಕಚೇರಿಗಳು, ಅದಾಲತ್ ಮಹಲಿನಲ್ಲಿ ಕಲೆಕ್ಟರ ಮನೆ, ಅರಶ್ ಮಹಲಿನಲ್ಲಿ ಸಿವಿಲ್ ಸರ್ಜನ್ ಮನೆ. ಪರಿಸರದ ಪ್ರೀತಿಯಿಂದ ಅಲ್ಲ ಬಿಡ್ರಿ, ಅನುಕೂಲಕ್ಕ. ಆದರೂ ಮಾರುದ್ದ ದಪ್ಪದ ಸುಣ್ಣಗಾರೆಯ ಗೋಡೆ ನಮ್ಮ ಕಡೆ ಬ್ಯಾಸಗಿಗೆ ಎಂಥ ಆಸರೆ ಅನ್ನೋದು, ಗಾಜಿನ ಟವರಿನಲ್ಲಿ ದಿನವಿಡೀ ಎಸಿ ಹಾಕ್ಕೊಂಡು ಕೂಡುವ ನಮಗ ಯಾರೂ ಹೇಳಬೇಕಿಲ್ಲ.

ಅತಿಯೂ ಆಯ್ತು. ಒಂದು ಮಸೀದಿಯೊಳಗ ಅಂಚೆ ಕಚೇರಿ ತೆರೆದರು! ಲಾರ್ಡ್ ಕರ್ಜನ್ ವೈಸ್‌ರಾಯ್ ಆಗಿ ಬಂದು ನೋಡಿ ಅದನ್ನು ಎಬ್ಬಿಸಿದ. 1904ರ ಪ್ರಾಚೀನ ಸ್ಮಾರಕ ಕಾಯ್ದೆ ಅವನ ಕಾಲದ್ದೇ. ಗೋಳಗುಮ್ಮಟದ ನಗಾರಖಾನೆ ಮಾತ್ರ 1892ರಲ್ಲಿ ಮ್ಯೂಸಿಯಂ ಆಗಿ, ಇವತ್ತಿಗೂ ಹಾಗೇ ನಡೆದದ.

ನನಗೆ ಹೊಟ್ಟೆ ಉರಿಯೋದು ನೀರಿನ ವಿಷಯಕ್ಕ. ಆದಿಲಶಾಹಿಗಳು ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ಊರಿಗೆ ನೀರು ತಂದಿದ್ದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿ ಮಣ್ಣಿನ ಕೊಳವೆ ಹಾಕಿದರು. ದಾರಿಯಲ್ಲಿ ಅಲ್ಲಲ್ಲಿ 'ಗಂಜ್' ಅನ್ನೋ ಗೋಪುರ: ನೀರು ಮೇಲೇರಿ, ಒತ್ತಡ ತಗ್ಗಿಸಿಕೊಂಡು, ಕೆಸರು ಕೆಳಗೆ ಬಿಟ್ಟು ಮುಂದ ಹೋಗಬೇಕು. ನಮ್ಮ ಕೋಡಿನ ಭಾಷೆಯಲ್ಲಿ ಬಫರ್ ಅನ್ನಿ. ಪಂಪಿಲ್ಲ, ಕರೆಂಟಿಲ್ಲ. ಮಹಲುಗಳಿಗೆ ಎರಡನೇ ಜನ್ಮ ಸಿಕ್ಕಿತು, ಅವುಗಳಿಗೆ ನೀರು ಕುಡಿಸಿದ ಈ ಜಾಲಕ್ಕ ಸಿಗಲಿಲ್ಲ. ಭೂತನಾಳ ಕೆರೆ ಬಂತು, ಆಮೇಲೆ ಕೃಷ್ಣೆಯ ನೀರು ಬಂತು. 1620ರ ತಾಜ್ ಬಾವಡಿ ಕಸ ಚೆಲ್ಲುವ, ಗಣಪತಿ ಬಿಡುವ ಹೊಂಡ ಆಯ್ತು. ಅದರ ಹೂಳು ತೆಗೆಸಿದ್ದು ಈಚಿನ ವರ್ಷಗಳಲ್ಲಿ. 2020ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ದಖ್ಖನಿನ ಹಳೇ ನೀರಿನ ವ್ಯವಸ್ಥೆಗಳು ಸೇರಿದವು, ನಮ್ಮ ಸುರಂಗ ಬಾವಡಿ ಅದರೊಳಗೊಂದು.

ಗಂಜ್‌ಗಳು ಈಗಲೂ ರಸ್ತೆ ಬದಿ ನಿಂತಾವ. ಅವುಗಳ ಮುಂದೇ ಹೊಸ ಲೇಔಟಿಗೆ ನೀರಿನ ಟ್ಯಾಂಕರ್ ಹೋಗ್ತಾವ.